ಎಡಗೈಗೆ ಒಂದು ಚಾಕು

ನೋಮಿ, ಇಶಿಕಾವಾ ಪ್ರಾಂತ್ಯ
ಭಾನುವಾರ, ನವೆಂಬರ್ 11, 2018

ಪ್ರೀತಿಯ ಅತ್ತೆಯವರಿಗೆ,

ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿದೆ ಎಂದುಕೊಳ್ಳಿ. ಕಣ್ಣು ಹೇಗಿದೆ? ಪೊರೆ ತೆಗೆಸಿದ ಮೇಲೆ ಬೆಳಕು ಚುಚ್ಚುತ್ತದೆ ಎಂದು ಇಂದಿರಾ ಫೋನಿನಲ್ಲಿ ಹೇಳಿದಳು. ಆ ಕಪ್ಪು ಕನ್ನಡಕ ಹಾಕಿಕೊಳ್ಳಲು ನಿಮಗೆ ನಾಚಿಕೆಯಂತೆ. ಹಾಕಿಕೊಳ್ಳಿ ಅತ್ತೆ, ಬೀದಿಯವರು ನಕ್ಕರೆ ನಗಲಿ. ಔಷಧಿ ಹನಿಯನ್ನು ನೀವೇ ಬಿಟ್ಟುಕೊಳ್ಳಲು ಹೋಗಬೇಡಿ, ಕಿರಿಸೊಸೆ ಮನೆಯಲ್ಲಿ ಇರುವುದು ಯಾಕೆ? ನಿಮಗೆ ಓದಲು ಸುಲಭವಾಗಲಿ ಎಂದು ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ, ಹಾಳೆ ಜಾಸ್ತಿಯಾದರೆ ಬೈಯಬೇಡಿ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇನೆ, ನಿದ್ದೆ ಮಾತ್ರ ಸ್ವಲ್ಪ ಕಡಿಮೆ. ಇಲ್ಲಿ ಚಳಿ ಶುರುವಾಗಿದೆ, ದೂರದ ಹಕುಸಾನ್ ಬೆಟ್ಟದ ತಲೆ ಬೆಳ್ಳಗಾಗಿದೆ. ಫೋನಿನಲ್ಲಿ ಮಾತಾಡಿದರೆ ನಿಮಗೆ ಅಳು ಬರುತ್ತದೆ, ನಿಮ್ಮ ಅಳು ಕೇಳಿ ನನಗೆ ಮಾತು ನಿಂತುಹೋಗುತ್ತದೆ, ನಡುವೆ ಬಾಲು “ಹಲೋ, ಹಲೋ” ಅನ್ನುತ್ತಲೇ ಇರುತ್ತಾನೆ. ಅದಕ್ಕೇ ಕಾಗದ. ಇದನ್ನು ಸ್ಫೂರ್ತಿ ಎಂಬ ಹುಡುಗಿ ನಿಮ್ಮ ಕೈಗೇ ತಂದುಕೊಡುತ್ತಾಳೆ. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಲೋಹಗಳ ಬಗ್ಗೆ ಸಂಶೋಧನೆ ಮಾಡುತ್ತಾಳೆ, ನಮ್ಮ ಮೈಸೂರಿನ ಕುವೆಂಪುನಗರದವಳು, ಅಕ್ಕನ ಮದುವೆಗೆ ಹೊರಟಿದ್ದಾಳೆ. ಅವಳಿಗೆ ಒಂದು ಲೋಟ ಕಾಫಿ ಕೊಡಿ. ಬೇಡ ಅನ್ನುತ್ತಾಳೆ, ಆದರೂ ಕೊಡಿ.

ನಿಮ್ಮ ಕಾಗದದಲ್ಲಿ ಎರಡು ಪ್ರಶ್ನೆ ಇದ್ದವು. ಮೊದಲನೆಯದು ಬಾಲುವಿನದು: ತನ್ನ ಮದುವೆ ಅಡುಗೆಯ ಕೆಲಸಕ್ಕೆ ಒಂದು ಜಪಾನಿನ ಚಾಕು ಬೇಕು, ಯಾವ ಉಕ್ಕು ಒಳ್ಳೆಯದು, ಹರಿತವಾಗಿಯೂ ಇರಬೇಕು, ಬೇಗ ಮೊಂಡಾಗಲೂಬಾರದು. ಅವನು ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಅತ್ತಿಗೆ, ಒಂದು ಸಲ ಮಸೆದರೆ ನನ್ನ ಮೊಮ್ಮಗನ ಮದುವೆ ತನಕ ಹರಿತ ಇರ್ಬೇಕು, ಅಂಥದ್ದು ನೋಡಿ!” ಎರಡನೆಯದು ನಿಮ್ಮದು: ಯಾವಾಗ ಬರುತ್ತೀಯ, ಅಲ್ಲಿ ನಿನಗೆ ಯಾರಿದ್ದಾರೆ. ಮಾರ್ಚಿನಲ್ಲಿ ನಿಮ್ಮ ಮಗನ ಅಸ್ಥಿ ತಂದು ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗ, ಇಲ್ಲಿಯದೆಲ್ಲ ಮುಗಿಸಿಕೊಂಡು ಬಂದುಬಿಡುತ್ತೇನೆ ಎಂದು ನಿಮಗೆ ಮಾತು ಕೊಟ್ಟು ಬಂದವಳು ನಾನು. ಆ ಮಾತು ಮನಸ್ಸಿನಲ್ಲೇ ಇತ್ತು. ಆದರೆ ಹೋಟೆಲಿನ ಮಾಲೀಕರಾದ ಚಂದ್ರಶೇಖರ ಅವರೂ ಒಂದು ಮಾತು ಕೇಳಿದ್ದಾರೆ. ಭೂಕಂಪವಾದ ಮರುವರ್ಷ, ಅಡುಗೆಯವರು ಯಾರೂ ಈ ದೇಶಕ್ಕೆ ಬರಲು ಒಪ್ಪದಿದ್ದಾಗ ನಿಮ್ಮ ಮಗ ಬಂದರಲ್ಲ, ಆ ಋಣವನ್ನು ಅವರು ಮರೆತಿಲ್ಲ. “ಅಹಲ್ಯಾ ಅವರೇ, ನೀವು ಅಡುಗೆಮನೆ ನಡೆಸ್ತೀನಿ ಅಂದ್ರೆ ಹೋಟೆಲು ಇರುತ್ತೆ, ವೀಸಾ ಕೆಲಸ ನಾನು ನೋಡ್ಕೋತೀನಿ. ಇಲ್ಲ ಅಂದ್ರೆ ಡಿಸೆಂಬರಿಗೆ ಬಾಗಿಲು ಹಾಕ್ತೀನಿ, ಬೇರೆಯವರನ್ನ ಆ ಒಲೆ ಮುಂದೆ ನೋಡೋಕೆ ನನ್ನ ಕೈಲಾಗಲ್ಲ” ಎಂದರು. ನಾನು ಉತ್ತರ ಕೊಟ್ಟಿರಲಿಲ್ಲ. ಮನಸ್ಸು ಮಾತ್ರ ಊರಿನ ಕಡೆಗೇ ಇತ್ತು, ಅದಕ್ಕೆ ಕಾರಣ ನನ್ನ ಕೈ.

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾರು, ಹುಳಿ, ಗೊಜ್ಜು ಇವುಗಳ ಹದ ನನಗೆ ಗೊತ್ತು, ನೀವೇ ಕಲಿಸಿದ್ದು. ಇಲ್ಲಿಯ ಅಡುಗೆಮನೆಯಲ್ಲಿ ಸೋತದ್ದು ಹೆಚ್ಚುವುದರಲ್ಲಿ. ನಿಮ್ಮ ಮಗ ಇದ್ದಾಗ ತೊಳೆಯುವುದು, ಹುರಿಯುವುದು, ಬಡಿಸುವುದು ನನ್ನದು, ಚಾಕು ಅವರದು. ಮನೆಯಲ್ಲಿ ಈಳಿಗೆ ಮಣೆಯ ಮೇಲೆ ಕೂತು ಎಷ್ಟು ಬೇಕಾದರೂ ಹೆಚ್ಚುತ್ತೇನೆ. ಹೋಟೆಲಿನಲ್ಲಿ ನಿಂತು ಹೆಚ್ಚಬೇಕು. ಅವರು ಹೋದ ಮೇಲೆ ಅವರದೇ ಚಾಕು ಹಿಡಿದೆ. ಎಷ್ಟು ಕಷ್ಟಪಟ್ಟರೂ ಎಲೆಕೋಸು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ. ಮೂಲಂಗಿಯನ್ನು ನೇರ ಕೊಯ್ದರೆ ಅಲಗು ತಾನಾಗಿಯೇ ಪಕ್ಕಕ್ಕೆ ಸರಿದು ಓರೆಯಾಗಿ ಹೋಗುತ್ತದೆ. ಮಣಿಕಟ್ಟು ಊದಿಕೊಳ್ಳುತ್ತಿತ್ತು. ಹನ್ನೊಂದು ಗಂಟೆಗೆ ಬಾಗಿಲು ತೆಗೆಯುವ ಹೊತ್ತಿಗೆ ಪಲ್ಯ ಇನ್ನೂ ಒಲೆಗೇ ಏರಿರುತ್ತಿರಲಿಲ್ಲ. ಅದೇ ಚಾಕು ಅವರ ಕೈಯಲ್ಲಿ ಮಳೆ ಬಂದ ಹಾಗೆ ಟಪಟಪ ಅನ್ನುತ್ತಿತ್ತು. ಅವರಿಗಿದ್ದದ್ದು ನನಗಿಲ್ಲ, ಈ ಕೆಲಸ ನನ್ನ ಕೈಗೆ ಬರೆದದ್ದಲ್ಲ, ಹೊರಟುಬಿಡೋಣ ಅಂದುಕೊಂಡೆ. ಯಾರ ಹತ್ತಿರವೂ ಹೇಳಲಿಲ್ಲ. ದಿನಕ್ಕೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ನನ್ನದು, ನಿಮಗೆ ಗೊತ್ತಲ್ಲ. ಅದರಲ್ಲಿಯೂ ಬರೆಯಲಿಲ್ಲ.

ಇನ್ನು ಮುಂದಿನದಕ್ಕೆ ನೀವು ಖಂಡಿತ ಬೈಯುತ್ತೀರಿ. ವರ್ಷ ತುಂಬುವ ತನಕ ಹಬ್ಬ ಮಾಡಬಾರದು ಎಂದು ನನಗೆ ಗೊತ್ತು. ದೇವರಿಗೆ ಏನೂ ಮಾಡಲಿಲ್ಲ, ಸಿಹಿ ಮಾಡಲಿಲ್ಲ. ಆದರೆ ಆಯುಧಪೂಜೆಯ ದಿನ ಅವರ ಚಾಕು ಗೂಟದಲ್ಲಿ ನೇತಾಡುತ್ತಿತ್ತು. ಪ್ರತಿ ವರ್ಷ ಅದಕ್ಕೆ ಎರಡು ಹೂವು ಇಟ್ಟು, ಆ ದಿನ ಮುಟ್ಟದೆ ಬಿಡುತ್ತಿದ್ದರು. ಈ ಸಲ ಅದು ಬರಿದಾಗಿ ಇರುವುದನ್ನು ನೋಡಲಾಗಲಿಲ್ಲ. ಚೆನ್ನಾಗಿ ತೊಳೆದು, ಅರಿಸಿನ ಕುಂಕುಮವನ್ನು ನೀರಿನಲ್ಲಿ ಕಲಸಿ ಅಲಗಿನ ಮೇಲೆ ಮೂರು ಬೊಟ್ಟು ಇಟ್ಟೆ. ನಿಂಬೆಹಣ್ಣು ಕೊಯ್ದು ಎರಡು ಹೋಳನ್ನೂ ಅದಕ್ಕೆ ತಾಗಿಸಿ ಇಟ್ಟೆ. ಮಾರನೆಯ ಬೆಳಿಗ್ಗೆ ತನಕ ಮುಟ್ಟಲಿಲ್ಲ. ಬೆಳಿಗ್ಗೆ ನೋಡಿದರೆ, ಅತ್ತೆ, ಬೊಟ್ಟಿಟ್ಟ ಕಡೆಯೆಲ್ಲ ಕೆಂಪು ತುಕ್ಕು, ನಿಂಬೆ ತಾಗಿದ ಕಡೆ ಕಪ್ಪಗೆ ಕಚ್ಚಿಕೊಂಡಿದೆ. ಉಜ್ಜಿದರೆ ಹೋಗಲಿಲ್ಲ. ಅವರು ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ ಆ ದಿನ.

ಆ ಚಾಕು ಕೊಂಡ ಅಂಗಡಿ ಏಚಿಝೆನ್‌ನಲ್ಲಿದೆ, ಪಕ್ಕದ ಪ್ರಾಂತ್ಯ, ನಮ್ಮಲ್ಲಿಂದ ರೈಲಿನಲ್ಲಿ ದಕ್ಷಿಣಕ್ಕೆ. ತಲತಲಾಂತರದಿಂದ ಚಾಕು, ಕುಡುಗೋಲು ಮಾಡುವವರ ಊರು. ನಿಮ್ಮ ಮಗ ವರ್ಷಕ್ಕೊಮ್ಮೆ ತಾವೊಬ್ಬರೇ ಹೋಗಿ ಸಾಣೆ ಹಿಡಿಸಿಕೊಂಡು ಬರುತ್ತಿದ್ದರು. ನಾನು ಹೋದವಳಲ್ಲ. ನನ್ನ ಜಪಾನಿ ಭಾಷೆ ಉಪ್ಪು, ಮೆಣಸು, ಧನ್ಯವಾದಕ್ಕೆ ಅರಿಗಾತೋ, ಕ್ಷಮಿಸಿ ಅನ್ನಲು ಸುಮಿಮಾಸೆನ್ ಇಷ್ಟರಲ್ಲೇ ಇರುವುದು, ಹಾಗಾಗಿ ಸ್ಫೂರ್ತಿಯನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಮೊಬೈಲಿನಲ್ಲಿ ಉಕ್ಕಿನ ಪಟ್ಟಿ ತೋರಿಸಿದಳು. “ಆಂಟಿ, ಇದು ನೋಡಿ, ಪೌಡರ್ ಸ್ಟೀಲ್. ಹರಿತ ಉಳಿಯೋದ್ರಲ್ಲಿ ಇದನ್ನ ಯಾವುದೂ ಮೀರಿಸಲ್ಲ. ನಿಮ್ಮ ಮೈದುನನಿಗೆ ಇದೇ ಸರಿ” ಅನ್ನುತ್ತಿದ್ದಳು. ಪುಡಿ ಮಾಡಿದ ಲೋಹವನ್ನು ಒತ್ತಿ ಉಕ್ಕು ಮಾಡುತ್ತಾರಂತೆ, ನಾವು ಚಟ್ನಿಪುಡಿ ಉಂಡೆ ಕಟ್ಟಿದ ಹಾಗೆ ಅಂದುಕೊಂಡೆ, ಹೇಳಲಿಲ್ಲ.

ಅಂಗಡಿಯಲ್ಲಿ ಕೂತವರು ಹೊರಿಗುಚಿ ಸಾನ್ ಎಂಬ ಅಜ್ಜಿ. ನಿಮ್ಮಷ್ಟೇ ವಯಸ್ಸು, ನಿಮಗಿಂತ ಕುಳ್ಳು, ನಿಮ್ಮ ಹಾಗೇ ಬಾಯಿ. ಹಿಂದಿನ ಕೊಟ್ಟಿಗೆಯಲ್ಲಿ ಮಗ ಉಕ್ಕು ಬಡಿಯುತ್ತಾನೆ. ಕೊಟ್ಟ ಚಾಕುವಿಗೆ ಸಾಣೆ ಹಿಡಿಯುವುದು, ಬಂದವರಿಗೆ ಯಾವುದು ಹೊಂದುತ್ತದೆಂದು ಹೇಳುವುದು ಅಜ್ಜಿಯ ಕೆಲಸ. ಕಾಗದದ ಸುತ್ತು ಬಿಚ್ಚಿದ ಕೂಡಲೇ ಚಾಕುವಿನ ಗುರುತು ಹಿಡಿದರು. “ಓ, ಇಂದೋ-ಸಾನ್ ಚಾಕು! ಈ ವರ್ಷ ತಡ ಮಾಡಿದ. ಎಲ್ಲಿ ಅವನು?” ಎಂದರು. ಇಂದೋ ಎಂದರೆ ಇಂಡಿಯಾ, ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಆರು ವರ್ಷ ಅವರನ್ನು ಹಾಗೇ ಕರೆಯುತ್ತಿದ್ದರಂತೆ. ಸ್ಫೂರ್ತಿ ನನ್ನ ಮುಖ ನೋಡಿದಳು. ನಾನೇ ಹೇಳಿದೆ, ಅವಳು ಜಪಾನಿಗೆ ತಿರುಗಿಸಿದಳು: ಫೆಬ್ರವರಿಯಲ್ಲಿ, ಆ ದೊಡ್ಡ ಹಿಮ ಬಿದ್ದ ವಾರದಲ್ಲಿ, ಎದೆನೋವು ಬಂತು, ಹೋದರು. ಅಜ್ಜಿ ಎರಡು ಕೈಯಲ್ಲಿ ಚಾಕು ಎತ್ತಿ ಹಣೆಯ ಮಟ್ಟಕ್ಕೆ ಹಿಡಿದು ತಲೆಬಾಗಿಸಿದರು. ಆಮೇಲೆ ಹೊಸ ಚಾಕು ಒಂದನ್ನು ತಂದು ಇದರ ಪಕ್ಕ ಇಟ್ಟರು. ಅದೇ ಅಚ್ಚಿನದು. ಅವರ ಚಾಕು ಅದಕ್ಕಿಂತ ಒಂದು ಬೆರಳಿನಷ್ಟು ಕಿರಿದಾಗಿತ್ತು. “ಇಷ್ಟು ಉಕ್ಕನ್ನ ಮಸೆದು ಮಸೆದೇ ಸವೆಸಿದ್ದಾನೆ. ಎಲ್ಲಾ ಕಡೆ ಒಂದೇ ಸಮ. ನನ್ನ ಮಗನಿಗೆ ತೋರಿಸಬೇಕು, ಅವನಿಗೂ ಇಷ್ಟು ನೇರ ಬರಲ್ಲ” ಎಂದು ಕೊಟ್ಟಿಗೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. ಒಳಗಿಂದ ಸುತ್ತಿಗೆ ಶಬ್ದ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅತ್ತೆ, ನಿಮ್ಮ ಮಗನನ್ನು ಯಾರಾದರೂ ಹಾಗೆ ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ನಿಮಗೆ ಅದನ್ನು ತಿಳಿಸಬೇಕೆಂದೇ ಇಷ್ಟು ಬರೆಯುತ್ತಿದ್ದೇನೆ ಎಂದರೂ ಸರಿಯೇ.

ತುಕ್ಕು ಹೇಗಾಯಿತು ಎಂದು ಕೇಳಿದರು. ಸುಳ್ಳು ಹೇಳಲು ನನಗೆ ಅಷ್ಟು ಜಪಾನಿ ಬರುವುದಿಲ್ಲ. ನಮ್ಮಲ್ಲಿ ವರ್ಷಕ್ಕೊಂದು ದಿನ ಕೆಲಸದ ಸಾಮಾನಿಗೆ ಪೂಜೆ, ಬೊಟ್ಟು ಇಟ್ಟೆ, ನಿಂಬೆಹಣ್ಣು ಇಟ್ಟೆ ಎಂದೆ. ನಗುತ್ತಾರೋ, ಬೈಯುತ್ತಾರೋ ಎಂದು ತಲೆ ತಗ್ಗಿಸಿದ್ದೆ. ಅಜ್ಜಿ ನನ್ನ ತೋಳು ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದರು. ಒಲೆಯ ಮೇಲ್ಗಡೆ ಪುಟ್ಟ ದೇವರ ಗೂಡು. ನವೆಂಬರ್ ಎಂಟಕ್ಕೆ ಇಲ್ಲಿಯ ಕಮ್ಮಾರರು ಬೆಂಕಿ ಹಚ್ಚುವುದಿಲ್ಲವಂತೆ. ಬೆಂಕಿಗೆ ಗಾಳಿ ಊದುವ ತಿದಿಗೆ ಪೂಜೆ, ಕಿತ್ತಳೆ ಹಣ್ಣು ಇಡುತ್ತಾರಂತೆ. “ನಮಗೂ ಹಣ್ಣೇ. ಆದರೆ ನಾವು ಹಣ್ಣನ್ನು ದೇವರಿಗೆ ಇಡ್ತೀವಿ, ಉಕ್ಕಿನ ತಲೆ ಮೇಲೆ ಇಡಲ್ಲ! ಮೊದಲು ಎಣ್ಣೆ ಹಚ್ಚು, ಆಮೇಲೆ ದೇವರನ್ನ ಕರಿ” ಎಂದು ನನ್ನ ಬೆನ್ನಿಗೆ ಒಂದು ಕೊಟ್ಟರು. ಆಗ ನೆನಪಾಯಿತು. ನಿಮ್ಮ ಮಗ ಪ್ರತಿ ವರ್ಷ ಪೂಜೆಗೆ ಮೊದಲು ಚಾಕುವಿಗೆ ಕೊಬ್ಬರಿಎಣ್ಣೆ ಸವರುತ್ತಿದ್ದರು. ಹೊಳೆಯಲಿ ಎಂದು ಹಚ್ಚುತ್ತಾರೆ ಅಂದುಕೊಂಡಿದ್ದೆ. ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಆರು ವರ್ಷ ಒಂದೇ ಅಡುಗೆಮನೆಯಲ್ಲಿ ಹಾಗೇ ಇದ್ದೆವು.

ಆಮೇಲೆ ಅಜ್ಜಿ ಮಣೆಯ ಮೇಲೆ ಒಂದು ಮೂಲಂಗಿ ಇಟ್ಟು, ಇದೇ ಚಾಕುವಿನಿಂದ ಹೆಚ್ಚಿ ತೋರಿಸು ಎಂದರು. ಹೆಚ್ಚಿದೆ. ಎಂದಿನ ಹಾಗೆ ಅಲಗು ಪಕ್ಕಕ್ಕೆ ಓಡಿತು. ಇಷ್ಟೇ ನನ್ನ ಕೈ, ಇದು ನನಗೆ ಬರುವುದಿಲ್ಲ ಎಂದು ಸ್ಫೂರ್ತಿಯ ಹತ್ತಿರ ಹೇಳಿಸಿದೆ. ಅಜ್ಜಿ ನನ್ನ ಕೈ ನೋಡಿದರು, ಚಾಕು ನೋಡಿದರು, ಇನ್ನೊಂದು ಸಲ ನನ್ನ ಕೈ ನೋಡಿದರು. “ಒಕುಸಾನ್, ನೀನು ಎಡಗೈಯವಳು!” ಎಂದರು. ಒಕುಸಾನ್ ಎಂದರೆ ನಮ್ಮಲ್ಲಿ ‘ಅಮ್ಮಾವ್ರೇ’ ಅಂದ ಹಾಗೆ. ಚಾಕುವನ್ನು ಬೆಳಕಿಗೆ ಹಿಡಿದು ತೋರಿಸಿದರು: ಈ ಜಾತಿಯ ಚಾಕುವಿನ ಬಾಯನ್ನು ಒಂದೇ ಮಗ್ಗುಲಿನಿಂದ ತೆಗೆದಿರುತ್ತಾರೆ, ಇನ್ನೊಂದು ಮಗ್ಗುಲು ಹಲಗೆಯ ಹಾಗೆ ಚಪ್ಪಟೆ. ಬಲಗೈಯವರು ಹಿಡಿದರೆ ನೇರ ಇಳಿಯುತ್ತದೆ. ಎಡಗೈಯಲ್ಲಿ ಹಿಡಿದರೆ ಪಕ್ಕಕ್ಕೇ ಎಳೆಯುತ್ತದೆ, ಎಂಥ ಗಟ್ಟಿಗಿತ್ತಿಯಾದರೂ ತಡೆಯಲಾಗದು. “ಒಂಬತ್ತು ತಿಂಗಳು ಇದರ ಜೊತೆ ಗುದ್ದಾಡಿದೀಯ? ನಾನಾಗಿದ್ರೆ ಕಿಟಕಿಯಿಂದ ಎಸೀತಿದ್ದೆ” ಎಂದರು. ಸ್ಫೂರ್ತಿ ಅದನ್ನು ಹೇಳುವಾಗ ನಗುತ್ತಿದ್ದಳು. ನನಗೆ ನಗು ಬರಲಿಲ್ಲ, ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮದುವೆಯಾಗಿ ಬಂದ ಹೊಸತರಲ್ಲಿ ನೀವು ನನ್ನ ಎಡಗೈಗೆ ಎಷ್ಟು ಸಲ ಸೌಟಿನಲ್ಲಿ ತಟ್ಟಿದ್ದೀರಿ! ಬಡಿಸುವುದು, ಉಣ್ಣುವುದು, ಕೊಡುವುದು ಎಲ್ಲ ಬಲಗೈಗೆ ಬರುವಂತೆ ಮಾಡಿದಿರಿ. ಆದರೆ ಹೆಚ್ಚುವುದಕ್ಕೆ ಕೂತಾಗ ಮಾತ್ರ ಸುಮ್ಮನಿರುತ್ತಿದ್ದಿರಿ. “ಈಳಿಗೆ ಮಣೆಗೆ ಎಡ ಏನು, ಬಲ ಏನು, ನಿಂಗೆ ಹೇಗೆ ಬೇಕೋ ಹಾಗೆ ಕೂತ್ಕೋ” ಎನ್ನುತ್ತಿದ್ದಿರಿ. ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿ ತಾನೇ ಅದರ ಹತ್ತಿರ ಹೋಗುವುದು. ಅದಕ್ಕೇ ಅಲ್ಲಿ ನನ್ನ ಕೈ ಓಡುತ್ತಿತ್ತು. ಇಷ್ಟು ಸಣ್ಣ ವಿಷಯ ಒಂಬತ್ತು ತಿಂಗಳು ಹೊಳೆಯಲಿಲ್ಲ ನೋಡಿ.

ಇನ್ನು ಬಾಲು ಕೇಳಿದ ಉಕ್ಕಿನ ವಿಷಯ. ಅವನಿಗೆ ಇದನ್ನು ಓದಿ ಹೇಳಿ. ಅಜ್ಜಿ ಮೂರು ನಾಲ್ಕು ಚಾಕುಗಳನ್ನು ಸಾಲಾಗಿ ಇಟ್ಟು, ಪ್ರತಿಯೊಂದರಿಂದಲೂ ಒಂದೊಂದು ಟೊಮೇಟೊ ಕೊಯ್ಯಿಸಿದರು. ಮೊದಲನೆಯದಕ್ಕೆ ಬಿಳಿ ಕಾಗದದ ಉಕ್ಕು ಅನ್ನುತ್ತಾರೆ, ಕಾರ್ಖಾನೆಯಿಂದ ಬರುವಾಗ ಅಂಟಿಸಿರುವ ಕಾಗದದ ಬಣ್ಣದ ಹೆಸರು ಅದು. ಅದರಲ್ಲಿ ಬೆರಕೆ ಕಡಿಮೆ. ಅಷ್ಟು ಹರಿತ ಇನ್ನಾವುದರಲ್ಲೂ ಬರುವುದಿಲ್ಲವಂತೆ. ಟೊಮೇಟೊ ಮೇಲೆ ಇಟ್ಟರೆ ಸಾಕು, ತನ್ನ ಭಾರಕ್ಕೇ ಇಳಿಯಿತು. ಕಲ್ಲಿಗೆ ನಾಲ್ಕು ಸಲ ತಿಕ್ಕಿದರೆ ಮತ್ತೆ ಹರಿತ. ಆದರೆ ಬೇಗ ಮೊಂಡಾಗುತ್ತದೆ, ಒದ್ದೆ ಬಿಟ್ಟರೆ ತುಕ್ಕು. ನಿಮ್ಮ ಮಗನ ಚಾಕು ಇದೇ. ಎರಡನೆಯದು ನೀಲಿ ಕಾಗದದ್ದು. ಅದೇ ಉಕ್ಕಿಗೆ ಬೇರೆ ಲೋಹ ಸ್ವಲ್ಪ ಸೇರಿಸಿದ್ದು. ಹರಿತದಲ್ಲಿ ಕೂದಲೆಳೆಯಷ್ಟು ಕಡಿಮೆ, ಉಳಿಯುವುದು ಮಾತ್ರ ಹೆಚ್ಚು ದಿನ. ಮೂರನೆಯದು ತುಕ್ಕು ಹಿಡಿಯದ ಸ್ಟೀಲು, ನಮ್ಮ ಮನೆಯ ಲೋಟ ತಟ್ಟೆಯ ಹಾಗಲ್ಲ, ಚಾಕುವಿಗೆಂದೇ ಮಾಡಿದ್ದು. ಕೊನೆಯದು ಸ್ಫೂರ್ತಿ ಹೇಳಿದ ಪುಡಿಯ ಉಕ್ಕು. ಅಜ್ಜಿ ಅವಳ ಕಡೆ ನೋಡಿ, “ಈ ಹುಡುಗಿ ಹೇಳಿದ್ದು ಸರಿ, ಇದೇ ಎಲ್ಲಕ್ಕಿಂತ ಹೆಚ್ಚು ದಿನ ಹರಿತ ಇರೋದು” ಎಂದರು. ಸ್ಫೂರ್ತಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅಜ್ಜಿ ಮುಂದುವರಿಸಿದರು: “ಮೊಂಡಾದ ದಿನ ಯಾರು ಮಸೀತಾರೆ? ಮನೆ ಕಲ್ಲಿಗೆ ಇದು ಬಗ್ಗಲ್ಲ, ಇಲ್ಲಿಗೇ ತರಬೇಕು. ಗಟ್ಟಿ ಜಾಸ್ತಿ ಆದಷ್ಟೂ ಬಾಯಿ ಮುಕ್ಕಾಗೋದೂ ಜಾಸ್ತಿ. ಮೈಸೂರಿನಿಂದ ಬಂದು ಹೋಗ್ತಾನಾ ಅವನು?” ಸ್ಫೂರ್ತಿಯೇ, “ಅದನ್ನ ನನ್ನ ಪಟ್ಟಿಯಲ್ಲಿ ಬರೆದಿರಲಿಲ್ಲ ಆಂಟಿ” ಎಂದು ಮೊಬೈಲು ಚೀಲಕ್ಕೆ ಹಾಕಿಕೊಂಡಳು. ಆದರೂ ಆಸೆ ತಡೆಯದೆ ಅದೇ ಉಕ್ಕಿನ ಒಂದು ಪುಟ್ಟ ಚಾಕು ತನಗೆ ಕೊಂಡಳು. ಅವಳು ಹೆಚ್ಚುವುದು ಭಾನುವಾರಕ್ಕೊಂದು ಈರುಳ್ಳಿ, ಅವಳಿಗೆ ಅದೇ ಸರಿ ಎಂದು ಅಜ್ಜಿಯೂ ಒಪ್ಪಿದರು.

ನನಗೆ ಅವರು ಕೇಳಿದ ಪ್ರಶ್ನೆಗಳನ್ನು ಕೇಳಿದರೆ ನೀವು ಬೆರಗಾಗುತ್ತೀರಿ. ಹುಣಿಸೆಹಣ್ಣು, ನಿಂಬೆ, ಮಾವಿನಕಾಯಿ ಎಷ್ಟು ಬಳಸುತ್ತೀಯ? ಹೆಚ್ಚುತ್ತಿರುವಾಗ ಒಲೆಯ ಕಡೆ ಓಡುತ್ತೀಯಾ, ಚಾಕು ಒರೆಸಲು ಕೈ ಬಿಡುವಿದೆಯಾ? ತೆಂಗಿನಕಾಯಿ ಒಡೆಯಲು ಇದನ್ನೇ ತೆಗೆದುಕೊಳ್ಳುವವಳಾ? ಕಲ್ಲಿನ ಮೇಲೆ ಮಸೆಯಲು ಬರುತ್ತದಾ? ಬರುವುದಿಲ್ಲ ಎಂದಾಗ, ಕಲಿಯುತ್ತೀಯಾ ಎಂದರು. ಹೂಂ ಎಂದೆ. ವೈದ್ಯರು ನಾಡಿ ಹಿಡಿದು ಕೇಳುವ ಹಾಗಿತ್ತು. ಎಲ್ಲ ಕೇಳಿ, ನಡುವೆ ನೀಲಿ ಕಾಗದದ ಉಕ್ಕು, ಎರಡು ಮಗ್ಗುಲಿಗೂ ತುಕ್ಕು ಹಿಡಿಯದ ಸ್ಟೀಲಿನ ಹೊದಿಕೆ ಎಂದು ತೀರ್ಮಾನ ಮಾಡಿದರು. ಹೋಳಿಗೆಯ ಒಳಗೆ ಹೂರಣ ಇದ್ದ ಹಾಗೆ. ಕೆಳಗಿನ ಅಂಚಿನಲ್ಲಿ ಮಾತ್ರ ಹೂರಣ ಇಣುಕುತ್ತದೆ, ಅಷ್ಟನ್ನು ಒರೆಸಿಕೊಂಡರೆ ಸಾಕು. ಬಾಯಿ ಎರಡೂ ಮಗ್ಗುಲಿನಿಂದ ಸಮನಾಗಿ ತೆಗೆದದ್ದು. ಹಿಡಿಯ ಮರ ಎಡ ಅಂಗೈಗೆ ಕೂರುವಂತೆ ಕೆತ್ತಿದ್ದು. ಮಸೆಯುವುದನ್ನು ಅಲ್ಲೇ ಕೂರಿಸಿ ಕಲಿಸಿದರು. ಕಲ್ಲು ನೆನೆಹಾಕಬೇಕು, ಒಂದು ಮಗ್ಗುಲು ತಿಕ್ಕಿ ಇನ್ನೊಂದು ಮಗ್ಗುಲಿಗೆ ಬೆರಳು ಸವರಿದರೆ ಉಕ್ಕಿನ ಸಣ್ಣ ತರಿ ಸಿಗಬೇಕು, ಸಿಕ್ಕಿದ ಮೇಲೆ ಮಗ್ಗುಲು ಬದಲಿಸಬೇಕು. ಆ ತರಿ ಕಣ್ಣಿಗೆ ಕಾಣುವುದಿಲ್ಲ. ಮೊದಲ ಸಲ ಬೆರಳಿಗೆ ತಾಗಿದಾಗ, ನಿಮ್ಮ ಮಗ ಅಡುಗೆಮನೆಯ ಮೂಲೆಯಲ್ಲಿ ಕೂತು ಬೆರಳು ಸವರುತ್ತಾ ಏನು ಹುಡುಕುತ್ತಿದ್ದರು ಎಂದು ತಿಳಿಯಿತು.

ನಿನ್ನೆ ಸ್ಫೂರ್ತಿಯ ಜೊತೆ ಮತ್ತೆ ಹೋಗಿ ಹೊಸ ಚಾಕು ತಂದೆ. ಅವರ ತಿದಿಯ ಪೂಜೆ ಎಂಟನೆಯ ತಾರೀಖು ಮುಗಿದಿತ್ತು. ನಮ್ಮ ಕ್ಯಾಲೆಂಡರ್ ನೋಡಿದರೆ ಅದೇ ದಿನ ಬಲಿಪಾಡ್ಯಮಿ. ದೇವರಿಗಿಟ್ಟ ಕಿತ್ತಳೆಯಲ್ಲಿ ಎರಡು ನನ್ನ ಚೀಲಕ್ಕೆ ಹಾಕಿದರು, ಹಬ್ಬವಿಲ್ಲದಿದ್ದರೂ ಪ್ರಸಾದ ಎಂದು ತಿಂದೆ. ಅಲಗಿನ ಮೇಲೆ ಹೆಸರು ಕೊರೆಯುವುದು ಅವರ ಪದ್ಧತಿ. ಏನು ಬರೆಯಲಿ ಎಂದು ಕೇಳಿದರು. ನಾನು ಕಾಗದದ ಮೇಲೆ ಕನ್ನಡದಲ್ಲಿ ನನ್ನ ಹೆಸರು ಬರೆದುಕೊಟ್ಟೆ. ಅವರ ಮಗ ಅದನ್ನು ಬಳ್ಳಿ ಬಿಡಿಸುವವನ ಹಾಗೆ ನಾಲಿಗೆ ಕಚ್ಚಿಕೊಂಡು ಕೊರೆದ. ಹೊರಡುವಾಗ ಅಜ್ಜಿ ನನ್ನನ್ನು ಒಕುಸಾನ್ ಅನ್ನಲಿಲ್ಲ, “ಅಹರ್ಯಾ-ಸಾನ್, ಮುಂದಿನ ವರ್ಷ ತಡ ಮಾಡಬೇಡ” ಎಂದರು, ಅವರ ನಾಲಿಗೆಗೆ ‘ಲ’ ಬರುವುದಿಲ್ಲ. ಇವತ್ತು ಬೆಳಿಗ್ಗೆ ಹೋಟೆಲಿನಲ್ಲಿ ಮೊದಲು ಎಲೆಕೋಸು ಇಟ್ಟುಕೊಂಡೆ. ಅತ್ತೆ, ಏನು ಹೇಳಲಿ, ಅಲಗು ನೇರ ಇಳಿಯಿತು. ಎಳೆ ಎಳೆಯಾಗಿ, ಕೇಸರಿ ಎಸಳಿನ ಹಾಗೆ ಬಿತ್ತು. ಹುರುಳಿಕಾಯಿ, ಬದನೆಕಾಯಿ, ಶುಂಠಿ, ಒಂದಾದ ಮೇಲೊಂದು ಹೆಚ್ಚುತ್ತಲೇ ಹೋದೆ. ಚಂದ್ರಶೇಖರ ಅವರು ಬಾಗಿಲಲ್ಲಿ ಬಂದು ನಿಂತು, ಟಪಟಪ ಶಬ್ದ ಕೇಳಿ ಒಳಗೆ ಬಂದೆ ಎಂದರು. ಹಾಗೇ ಹೊರಗೆ ಹೋದರು. ಬಾಗಿಲು ತೆಗೆಯುವುದಕ್ಕೆ ಇನ್ನೂ ಹೊತ್ತಿತ್ತು, ಪಲ್ಯ ಆಗಲೇ ಇಳಿಸಿಯಾಗಿತ್ತು.

ಬಾಲುವಿಗೆ ಯಾವುದು ಕೊಳ್ಳಲಿ ಎಂದೂ ಅಜ್ಜಿಯನ್ನು ಕೇಳಿದೆ. ಅವನು ಎಡಗೈಯೋ, ಬಲಗೈಯೋ ಎಂದರು. ಬಲ, ಅಣ್ಣನ ಹಾಗೇ ಅಗಲ ಅಂಗೈ ಎಂದೆ. “ಮತ್ತೆ ಕೊಳ್ಳೋದು ಯಾಕೆ? ಇಟ್ಟುಕೊಂಡಿದೀಯಲ್ಲ” ಎಂದರು. ಹೌದಲ್ಲ ಅನ್ನಿಸಿತು. ಆದ್ದರಿಂದ ಸ್ಫೂರ್ತಿ ತರುತ್ತಿರುವ ಮರದ ಪೆಟ್ಟಿಗೆಯಲ್ಲಿರುವುದು ಹೊಸ ಚಾಕು ಅಲ್ಲ, ನಿಮ್ಮ ಮಗನದು. ತುಕ್ಕು ತೆಗೆದು ಹೊಸದಾಗಿ ಸಾಣೆ ಹಿಡಿದಿದ್ದಾರೆ. ಒಂದು ಬೊಟ್ಟಿನ ಕಲೆ ಮಾತ್ರ ಆಳಕ್ಕೆ ಇಳಿದಿದೆ. ಅದನ್ನು ತೆಗೆಯಲು ಹೋದರೆ ಉಕ್ಕು ತುಂಬಾ ಸವೆಯುತ್ತದೆ, ಇರಲಿ ಎಂದರು. ಅದರಿಂದ ತೊಂದರೆಯಿಲ್ಲ. ಮೊಮ್ಮಗನ ಮದುವೆ ತನಕ ಮಸೆಯದೆ ಇರುವ ಚಾಕು ಲೋಕದಲ್ಲಿ ಇಲ್ಲ ಎಂದು ಬಾಲುವಿಗೆ ಹೇಳಿ. ದಿನಾ ಮಸೆಯಲಿ, ಕಲ್ಲನ್ನೂ ಕಳಿಸಿದ್ದೇನೆ. ಕೋಸಂಬರಿ ಸೌತೆಕಾಯಿಗೆ, ಹುರುಳಿಕಾಯಿಗೆ, ಕ್ಯಾರೆಟ್ಟಿಗೆ ಇದರಂಥದ್ದು ಇಲ್ಲ. ಸುವರ್ಣಗೆಡ್ಡೆ, ಕುಂಬಳಕಾಯಿ, ತೆಂಗಿನಕಾಯಿ ಹತ್ತಿರ ಕೊಂಡೊಯ್ಯಬಾರದು, ಬಾಯಿ ಮುಕ್ಕಾಗುತ್ತದೆ. ಸೋಡಾ ಬಾಟಲಿ ಮುಚ್ಚಳ ತೆಗೆಯಲು ಅವನು 'ಸಿಕ್ಕಿದ್ದು' ಹುಡುಕುತ್ತಾನಲ್ಲ, ಆ ಸಿಕ್ಕಿದ್ದು ಇದಾಗಬಾರದು. ಕೆಲಸವಾದ ಕೂಡಲೇ ತೊಳೆದು ಒರೆಸಿ ಎಣ್ಣೆ ಸವರಲಿ. ಇನ್ನೊಂದು ಮಾತು. ನಾವು ಚಾಕುವನ್ನು ಕೈಯಿಂದ ಕೈಗೆ ಕೊಡದೆ ಕೆಳಗಿಟ್ಟು ಎತ್ತಿಕೋ ಅನ್ನುತ್ತೇವಲ್ಲ, ಇಲ್ಲಿಯೂ ಚಾಕು ಕೊಟ್ಟರೆ ಸಂಬಂಧ ಕಡಿಯುತ್ತದೆಂದು, ಪಡೆದವರು ಒಂದು ಚಿಲ್ಲರೆ ಕಾಸು ಕೊಡುತ್ತಾರೆ. ಬಾಲು ಒಂದು ರೂಪಾಯಿಯನ್ನು ಅವರಣ್ಣನ ಫೋಟೋ ಮುಂದೆ ಇಡಲಿ. ನೀವು ಪೆಟ್ಟಿಗೆ ತೆಗೆದಾಗ ಅಳುತ್ತೀರಿ, ನನಗೆ ಗೊತ್ತು. ಅತ್ತು ಮುಗಿಸಿ ಅವನಿಗೆ ಕೊಡಿ, ಬೀರುವಿನಲ್ಲಿ ಇಡಬೇಡಿ. ಕೆಲಸವಿಲ್ಲದೆ ಇಟ್ಟರೆ ಅದು ಬೇಗ ಹಾಳಾಗುತ್ತದೆ.

ಇಂದಿರಾಗೆ, ಬಾಲುವಿಗೆ ನನ್ನ ಆಶೀರ್ವಾದ. ಪಕ್ಕದ ಮನೆ ವೇದವಲ್ಲಿಯವರು ನಿಮ್ಮ ಕಣ್ಣಿನ ದಿನ ಆಸ್ಪತ್ರೆಗೆ ಜೊತೆಗೆ ಬಂದಿದ್ದರಂತೆ, ಅವರಿಗೆ ನನ್ನ ನಮಸ್ಕಾರ ತಿಳಿಸಿ. ನಿಮ್ಮ ಆಶೀರ್ವಾದ ನನ್ನ ತಲೆಯ ಮೇಲಿರಲಿ. ಈ ವರ್ಷ ಅದು ನನಗೆ ಎಂದಿಗಿಂತ ಹೆಚ್ಚು ಬೇಕು.

ನಿಮ್ಮ ಸೊಸೆ,
ಅಹಲ್ಯಾ

ತಾ.ಕ.: ಸ್ಫೂರ್ತಿ ಸೂಟ್‌ಕೇಸು ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸು ತಪ್ಪುತ್ತದೆ ಅನ್ನುತ್ತಿದ್ದಾಳೆ. ನಿಮ್ಮ ಪ್ರಶ್ನೆಗೆ ಉತ್ತರ ಬರೆಯದೆ ಹಾಳೆ ಮಡಿಸಿದ್ದೆ. ಮರೆತದ್ದಲ್ಲ, ಧೈರ್ಯ ಬಂದಿರಲಿಲ್ಲ. ಅಡುಗೆಮನೆ ನಾನು ನಡೆಸುತ್ತೇನೆ ಎಂದು ಮಧ್ಯಾಹ್ನ ಚಂದ್ರಶೇಖರ ಅವರಿಗೆ ಹೇಳಿಬಿಟ್ಟೆ. ಫೆಬ್ರವರಿಯಲ್ಲಿ ವರ್ಷಾಬ್ದಿಕಕ್ಕೆ ಬರುತ್ತೇನೆ, ಮುಗಿಸಿಕೊಂಡು ಇಲ್ಲಿಗೇ ವಾಪಸು. ನಿಮಗೆ ಕೊಟ್ಟ ಮಾತು ತಪ್ಪಿದ್ದೇನೆ. ಅಲ್ಲಿ ನಿನಗೆ ಯಾರಿದ್ದಾರೆ ಎಂದು ಕೇಳಿದ್ದಿರಿ. ಯಾರೂ ಇಲ್ಲ ಅತ್ತೆ. ಆದರೆ ಹನ್ನೊಂದಕ್ಕೆ ಬಾಗಿಲು ತೆಗೆದರೆ ಜನ ಉಣ್ಣಲು ಬರುತ್ತಾರೆ, ನಾನು ಮಾಡಿದ್ದನ್ನು ಉಂಡು ಎದ್ದು ಹೋಗುತ್ತಾರೆ, ನನಗೆ ದಿನ ಹೋಗುತ್ತದೆ. ಕೋಪವನ್ನು ಕಾಗದದಲ್ಲಿ ಬರೆಯಬೇಡಿ, ಕಣ್ಣಿಗೆ ಆಯಾಸ. ಇಟ್ಟುಕೊಂಡಿದ್ದು ನಾನು ಬಂದಾಗ ಎದುರಿಗೇ ಬೈಯಿರಿ. ಬೈದಾದ ಮೇಲೆ ಆ ದಿನದ ತರಕಾರಿಯನ್ನೆಲ್ಲ ನನ್ನ ಮುಂದೆ ತಂದು ಸುರಿಯಿರಿ.